ಮೂಗಿನ ಸರ್ಜರಿ ಆದಮೇಲೆ ಊತ, ಕಣ್ಣಡಿ ನೀಲಿ: ಬೇಗ ಇಳಿಸೋಕೆ ಏನು ಮಾಡಿದ್ರಿ?

ಗೊಜ್ಜವಲಕ್ಕಿ

ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಂಗಳೂರಲ್ಲಿ ಮೂಗಿನ ಸರ್ಜರಿ ಆಯ್ತು. ಮೇಲಿನ ದಿಣ್ಣೆ ಕೆರೆದು, ಎರಡೂ ಕಡೆ ಎಲುಬು ಕೊಯ್ದು ಒಳಗೆ ತಳ್ಳಿ, ತುದಿ ಸ್ವಲ್ಪ ಎತ್ತಿದ್ದಾರೆ. ಓಪನ್ ವಿಧಾನ, ಹೊಳ್ಳೆಗಳ ನಡುವೆ ಹೊಲಿಗೆ ಇದೆ. ಮೇಲೆ ಮೂಗು ಅಲುಗದ ಹಾಗೆ ಗಟ್ಟಿ ಸ್ಪ್ಲಿಂಟ್ (ಆಸರೆ ಪಟ್ಟಿ) ಅಂಟಿಸಿದ್ದಾರೆ.

ಸೋಮವಾರ ರಾತ್ರಿ ಮುಖ ನೋಡಿಕೊಂಡಾಗ ಇಷ್ಟೇನಾ ಅನ್ನಿಸಿತ್ತು. ಇವತ್ತು ಬುಧವಾರ. ಎಡಗಣ್ಣು ಅರ್ಧ ಮುಚ್ಚಿದೆ, ಎರಡೂ ಕಣ್ಣಡಿ ನೇರಳೆ ಹಣ್ಣಿನ ಬಣ್ಣ, ಕೆನ್ನೆ ಕೂಡ ಉಬ್ಬಿದೆ. ಬಿಳಿಗುಡ್ಡೆಯ ಮೂಲೆಯಲ್ಲಿ ಕೆಂಪಗೆ ರಕ್ತ ಕಟ್ಟಿದ ಹಾಗಿದೆ. ನೋವು ಅಷ್ಟಿಲ್ಲ, ಭಯ ಜಾಸ್ತಿ. ಅಮ್ಮ ಅರಿಶಿನ-ಸುಣ್ಣ ಬಿಸಿ ಮಾಡಿ ಕೆನ್ನೆಗೆ ಪಟ್ಟು ಹಾಕ್ತೀನಿ ಅಂತ ಕೂತಿದ್ದಾರೆ. ಅತ್ತೆ ಫೋನ್ ಮಾಡಿ ನೀಲಗಿರಿ ಎಣ್ಣೆ ಹಾಕಿ ಹಬೆ ತಗೋ ಅಂದ್ರು.

ಅಣ್ಣನ ಮದುವೆಗೆ ಇನ್ನು ಐದು ವಾರ. ಅಷ್ಟರೊಳಗೆ ಮುಖ ಮನುಷ್ಯರ ಹಾಗೆ ಆಗುತ್ತಾ? ಸರ್ಜರಿ ಮಾಡಿಸಿಕೊಂಡವರು, ನೋಡಿಕೊಂಡವರು ದಯವಿಟ್ಟು ಬರೀರಿ.

ಹಾಸನದ_ಸಿಸ್ಟರ್

ಮೊದಲು ಅಮ್ಮನ ಕೈಯಿಂದ ಆ ಸುಣ್ಣದ ಡಬ್ಬಿ ಇಸ್ಕೊಳ್ಳಿ. ಕಾಲು ಉಳುಕಿದಾಗ ಹಾಕೋ ಪಟ್ಟನ್ನ ಹೊಸ ಹೊಲಿಗೆ ಪಕ್ಕದಲ್ಲಿ, ಕಣ್ಣಿನ ಕೆಳಗೆ ಹಾಕೋದಾ? ಸುಣ್ಣ ಕಣ್ಣಿಗೆ ಬಿದ್ದರೆ ಮೂಗಿನ ಚಿಂತೆ ಮರೆತೇ ಹೋಗುತ್ತೆ. ಹಬೆಯೂ ಬೇಡ. ಬಿಸಿ ತಾಗಿದರೆ ರಕ್ತನಾಳ ಹಿಗ್ಗುತ್ತೆ, ಊತ ಏರುತ್ತೆ, ಕೆಲವರಿಗೆ ರಕ್ತಸ್ರಾವ ಮತ್ತೆ ಶುರುವಾಗುತ್ತೆ. ಸ್ಪ್ಲಿಂಟ್ ಅಂಟು ಬಿಡೋದು ಬೇರೆ.

ಸರ್ಜಿಕಲ್ ವಾರ್ಡಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಿ ಆದವಳು ನಾನು. ನೀವು ಹೇಳ್ತಿರೋದು ಅಷ್ಟೂ ಲೆಕ್ಕದ ಪ್ರಕಾರವೇ ಇದೆ. ಊತ ಮೊದಲ ದಿನ ಪೂರ್ತಿ ಬರೋದಿಲ್ಲ. 48ರಿಂದ 72 ಗಂಟೆ ಹೊತ್ತಿಗೆ ಅತಿ ಹೆಚ್ಚಾಗುತ್ತೆ, ಆಮೇಲೆ ಇಳಿಯೋಕೆ ಶುರು. ಇವತ್ತು, ನಾಳೆ ನಿಮ್ಮ ಮುಖ ಅತಿ ಕೆಟ್ಟದಾಗಿ ಕಾಣೋ ದಿನಗಳು. ಎಲುಬು ಕೊಯ್ದಿರೋದ್ರಿಂದ ರಕ್ತ ಕಣ್ಣಿನ ಸುತ್ತ ಸಡಿಲ ಚರ್ಮಕ್ಕೆ ಇಳಿದಿದೆ, ಅಷ್ಟೆ. ಇನ್ನೆರಡು ದಿನಕ್ಕೆ ಅದೇ ನೀಲಿ ಕೆನ್ನೆಗೆ, ದವಡೆಗೆ ಜಾರುತ್ತೆ. ಹರಡ್ತಾ ಇದೆ ಅಂತ ಗಾಬರಿ ಆಗಬೇಡಿ, ಭೂಮಿ ಎಳೀತಿದೆ. ನೇರಳೆ ಹೋಗಿ ಹಸಿರು, ಹಸಿರು ಹೋಗಿ ಹಳದಿ ಆಗುತ್ತೆ. ಬಹುಪಾಲು ಜನರಿಗೆ ಎರಡು ವಾರದೊಳಗೆ ಕಲೆ ಮಾಸುತ್ತೆ.

ಈಗ ಐಸ್ ವಿಷಯ, ಯಾಕಂದ್ರೆ ಹೆಚ್ಚಿನವರು ಇದನ್ನೇ ತಪ್ಪು ಮಾಡ್ತಾರೆ. ಐಸ್ ಮೂಗಿನ ಮೇಲಲ್ಲ. ಮೂಗಿಗೆ ತೂಕ ಬೀಳಲೇಬಾರದು, ಸ್ಪ್ಲಿಂಟ್ ಒದ್ದೆಯೂ ಆಗಬಾರದು. ಕೆನ್ನೆ ಎಲುಬಿನ ಮೇಲೆ, ಕಣ್ಣಿನ ಹೊರಮೂಲೆ ಹತ್ತಿರ, ಹಣೆ ಮೇಲೆ ಇಡಬೇಕು. ಫ್ರೀಜರಿನಲ್ಲಿಟ್ಟ ಬಟಾಣಿಯನ್ನ ಸಣ್ಣ ಜಿಪ್ ಚೀಲಕ್ಕೆ ಅರ್ಧ ತುಂಬಿ, ಗಾಳಿ ತೆಗೆದು, ತೆಳು ಹತ್ತಿ ಕರವಸ್ತ್ರದಲ್ಲಿ ಸುತ್ತಿ. ಅರ್ಧ ತುಂಬಿದ್ರೆ ಕೆನ್ನೆಯ ಆಕಾರಕ್ಕೆ ಬಾಗುತ್ತೆ, ಪೂರ್ತಿ ತುಂಬಿದ್ರೆ ಕಲ್ಲಿನ ಹಾಗೆ ಒತ್ತುತ್ತೆ. ಒಂದು ಸಲಕ್ಕೆ 10ರಿಂದ 15 ನಿಮಿಷ, ಆಮೇಲೆ ತೆಗೆದು ಚರ್ಮ ಮಾಮೂಲಿಗೆ ಬರೋಕೆ ಬಿಡಿ, ಎದ್ದಿರೋ ಹೊತ್ತಲ್ಲಿ ಗಂಟೆಗೊಮ್ಮೆ. ಕೆನ್ನೆ, ಮೇಲ್ತುಟಿ ಈಗ ಜೋಮು ಹಿಡಿದಂತಿರುತ್ತೆ, ತಣ್ಣಗೆ ಸುಡ್ತಿರೋದು ನಿಮಗೆ ಗೊತ್ತೇ ಆಗಲ್ಲ. ಅದಕ್ಕೇ ಗಡಿಯಾರ ನೋಡಿ ಮಾಡಿ, ಹಿತ ಅನ್ನಿಸ್ತಿದೆ ಅಂತ ಇಟ್ಟುಕೊಂಡೇ ಮಲಗಬೇಡಿ. ಮೊದಲ ಎರಡು ಮೂರು ದಿನ ಆದಮೇಲೆ ಐಸಿನಿಂದ ಹೆಚ್ಚು ಲಾಭ ಇಲ್ಲ.

ಬಿಳಿಗುಡ್ಡೆಯ ಕೆಂಪು ಎರಡು ಮೂರು ವಾರ ಇರಬಹುದು, ತಾನಾಗಿ ಹೋಗುತ್ತೆ. ಆದ್ರೆ ದೃಷ್ಟಿ ಮಂಜಾದ್ರೆ, ಒಂದು ಎರಡಾಗಿ ಕಂಡ್ರೆ, ಕಣ್ಣಿನೊಳಗೇ ನೋವು ಬಂದ್ರೆ ಕಾಯಬೇಡಿ, ಆಗಲೇ ಫೋನ್ ಮಾಡಿ.

ಧಾರವಾಡ_ಫೇಡೆ

ಸಿಸ್ಟರ್ ಹೇಳಿದ್ದು ಖರೆ ಐತ್ರಿ. ನಮ್ಮ ತಂಗಿಗೂ ಇದ ಆಪರೇಶನ್ ಆಗಿತ್ತು, ಹುಬ್ಬಳ್ಯಾಗ. ಔಷಧಕ್ಕಿಂತ ಅಕೀಗೆ ಉಪಯೋಗ ಆಗಿದ್ದು ಮಲಗೂ ರೀತಿ. ತಲಿ ಎದಿಗಿಂತ ಮ್ಯಾಲೆ ಇರಬೇಕು, 30ರಿಂದ 45 ಡಿಗ್ರಿ. ಬರೇ ದಿಂಬ ಮ್ಯಾಲೆ ದಿಂಬ ಇಟ್ಟರ ಕುತ್ತಿಗಿ ಮುರದಂಗ ಆಗತೈತಿ, ರಾತ್ರಿ ನಡುವ ಜಾರಿ ಕೆಳಗ ಬರ್ತೀರಿ. ಹಾಸಗಿ ಕೆಳಗ ಗೋಡಿ ಕಡೆ ಗಾದಿ ಮಡಚಿ ತುರುಕಿ ಇಳಿಜಾರ ಮಾಡಿದ್ವಿ. ಎರಡೂ ಮಗ್ಗಲಿಗೆ ಲೋಡು. ಮೊಳಕಾಲ ಕೆಳಗ ಒಂದು ಸಣ್ಣ ದಿಂಬ, ಅದ ಜಾರಲಾರದಂಗ ಹಿಡಿತೈತಿ. ಮಗ್ಗಲ ಆಗಿ ಮಲಗಿದ್ರ ಆ ಕಡೆ ಮುಖ ಬೆಳಿಗ್ಗಿ ಜಾಸ್ತಿ ಬಾತಿರತೈತಿ, ಮೂಗಿಗೆ ಪೆಟ್ಟೂ ಬೀಳಬಹುದು.

ಇನ್ನೊಂದು, ಉಪ್ಪು. ಅಜ್ಜಿ ಗಂಜಿ ಜೋಡಿ ಉಪ್ಪಿನಕಾಯಿ, ಹಪ್ಪಳ, ಶಿಂಡಗಿ ಎಲ್ಲಾ ಇಟ್ಟು ಪ್ರೀತಿ ತೋರಿಸ್ತಿದ್ರು. ಮೂಗಿಗೆ ವಾಸನಿ ಇಲ್ಲ, ನಾಲಿಗಿಗೆ ರುಚಿ ಇಲ್ಲ, ಹಂಗಾಗಿ ಅಕಿ ಉಪ್ಪು ಖಾರ ಹೆಚ್ಚಿಗಿ ಬೇಡ್ತಿದ್ಲು. ಉಪ್ಪು ನೀರ ಹಿಡಿದಿಡತೈತಿ. ಒಂದು ತಿಂಗಳ ಹಪ್ಪಳ ಬಿಡ್ರಿ, ಚಕ್ಕುಲಿನೂ ಬಿಡ್ರಿ, ಕಡೀಬೇಕಾದ್ರ ಮೇಲ್ತುಟಿ ಜಗ್ಗತೈತಿ.

ಕುಡ್ಲದ_ಮೀನ್‌ಗಸಿ

ಅರ್ನಿಕಾ ಬಗ್ಗೆ ಯಾರೂ ಹೇಳಲೇ ಇಲ್ಲ ಮಾರಾಯ್ರೆ! ನನಗೆ ಸೆಪ್ಟಮ್ (ಮೂಗಿನ ನಡುಗೋಡೆ) ಜೊತೆ ಮೂಗು ಸರಿ ಮಾಡಿಸಿದಾಗ ಹೋಮಿಯೋಪತಿ ಡಾಕ್ಟ್ರು ಕೊಟ್ಟದ್ದು, ಹತ್ತು ದಿನಕ್ಕೆ ನೀಲಿ ಮಾಯ. ಮತ್ತೆ ದಿನಾ ಅನಾನಸು ಜ್ಯೂಸ್ ಕುಡಿಯಿರಿ, ಅದರಲ್ಲಿ ಬ್ರೋಮಲೇನ್ ಅಂತ ಉಂಟು, ಊತ ಎಳೆಯುತ್ತದೆ.

ಇಎನ್‌ಟಿ_ನೈಟ್‌ಡ್ಯೂಟಿ

ಇಎನ್‌ಟಿಯಲ್ಲಿ ಪಿಜಿ ಮಾಡ್ತಿದ್ದೀನಿ. ಇಲ್ಲಿ ಬರೆಯೋದು ಯಾರ ಸರ್ಜನ್ ಮಾತಿಗೂ ಬದಲಿ ಅಲ್ಲ.

ಮೀನ್‌ಗಸಿ ಅವರೇ, ಹತ್ತು ದಿನಕ್ಕೆ ನೀಲಿ ಹೋಗೋದು ಏನೂ ತಗೊಳ್ಳದವರಿಗೂ ಸಾಮಾನ್ಯ. ಅರ್ನಿಕಾ ಮೇಲೆ ನಡೆದ ಅಧ್ಯಯನಗಳು ಚಿಕ್ಕವು, ಫಲಿತಾಂಶ ಬೆರಕೆ. ಕೆಲವದರಲ್ಲಿ ಬಣ್ಣ ಸ್ವಲ್ಪ ಬೇಗ ಮಾಸಿದೆ, ಕೆಲವದರಲ್ಲಿ ವ್ಯತ್ಯಾಸವೇ ಇಲ್ಲ. ಸಕ್ಕರೆ ಗುಳಿಗೆಯಿಂದ ಹಾನಿ ಕಡಿಮೆ ಅನ್ನಬಹುದು, ಆದರೆ ದುರ್ಬಲಗೊಳಿಸದ ಅರ್ನಿಕಾ ಗಿಡಮೂಲಿಕೆ ನುಂಗಿದ್ರೆ ಅದು ವಿಷ. ಜೆಲ್ ಅನ್ನು ಹೊಲಿಗೆ ಮೇಲೆ, ಕಣ್ಣಿನ ಅಂಚಲ್ಲಿ ಹಚ್ಚಬಾರದು.

ಅನಾನಸಿನ ಬ್ರೋಮಲೇನ್ ಹೆಚ್ಚಾಗಿ ಇರೋದು ಕಾಂಡದಲ್ಲಿ, ಮಧ್ಯದ ಗಟ್ಟಿ ತಿರುಳಲ್ಲಿ. ನಾವು ತಿನ್ನೋ ಹೋಳಿನಲ್ಲಿ, ಅದರಲ್ಲೂ ಸೋಸಿದ ಜ್ಯೂಸಿನಲ್ಲಿ, ಔಷಧದ ಮಟ್ಟಕ್ಕೆ ಏನೂ ಇರಲ್ಲ. ತಿನ್ನಿ, ಒಳ್ಳೆ ಹಣ್ಣು. ಔಷಧಿ ಅಂತ ಲೀಟರ್‌ಗಟ್ಟಲೆ ಕುಡಿದು ಹೊಟ್ಟೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ಆಧಾರ ಗಟ್ಟಿ ಇರೋದು ಆಪರೇಷನ್ ಟೇಬಲ್ ಮೇಲೆ ನಡೆಯೋ ವಿಷಯಗಳಿಗೆ. ಡೆಕ್ಸಾಮೆಥಾಸೋನ್ ತರಹದ ಸ್ಟಿರಾಯ್ಡ್ ಡ್ರಿಪ್ಪಿನಲ್ಲಿ ಕೊಟ್ಟರೆ ಮೊದಲ ಕೆಲವು ದಿನದ ಊತ, ನೀಲಿ ಕಡಿಮೆ ಆಗುತ್ತೆ. ಟ್ರಾನೆಕ್ಸಾಮಿಕ್ ಆಸಿಡ್ ರಕ್ತ ಹರಿಯೋದನ್ನ ತಗ್ಗಿಸುತ್ತೆ. ಉಳಿ-ಸುತ್ತಿಗೆ ಬದಲು ಅಲ್ಟ್ರಾಸಾನಿಕ್ ಪೀಜೋ ಉಪಕರಣದಲ್ಲಿ ಎಲುಬು ಕೊಯ್ದರೆ ಸುತ್ತಲಿನ ಮೆತ್ತನೆ ಭಾಗಕ್ಕೆ ಪೆಟ್ಟು ಕಡಿಮೆ. ಸರ್ಜರಿಗೆ ಇನ್ನೂ ಹೋಗದವರು ಇದನ್ನ ಮೊದಲೇ ಸರ್ಜನ್ ಹತ್ರ ಕೇಳಬಹುದು. ಆದ ಮೇಲೆ ಮನೆಯಲ್ಲಿ ನಿಮ್ಮ ಕೈಲಿರೋದು ಊತ ಇಳಿಸೋದಕ್ಕಿಂತ ಹೆಚ್ಚಾಗಿ, ಅದು ಏರದ ಹಾಗೆ ನೋಡಿಕೊಳ್ಳೋದು.

ಮಾತ್ರೆ_ಚೀಟಿ

ಮೆಡಿಕಲ್ ಶಾಪ್ ಕಡೆಯಿಂದ ಒಂದು ಮಾತು. ಮೂಗು ಊದಿದೆ, ಊತಕ್ಕೆ ಮಾತ್ರೆ ಕೊಡಿ ಅಂತ ಚೀಟಿ ಇಲ್ಲದೆ ಕೌಂಟರಿಗೆ ಬರೋರು ಬಹಳ. ಅವರ ಕೈಗೆ ಸಾಮಾನ್ಯವಾಗಿ ಹೋಗೋದು ಮೂರು ಔಷಧಿ ಸೇರಿದ ಗುಳಿಗೆ: ಅಸೆಕ್ಲೋಫೆನಾಕ್, ಪ್ಯಾರಸಿಟಮಾಲ್, ಸೆರ್ರಾಶಿಯೋಪೆಪ್ಟಿಡೇಸ್. ಹೆಸರಿನ ಕೊನೆಗೆ ಎಸ್‌ಪಿ ಅಂತ ಇರುತ್ತೆ. ಅಸೆಕ್ಲೋಫೆನಾಕ್ ಐಬುಪ್ರೊಫೆನ್, ಡಿಕ್ಲೋಫೆನಾಕ್ ಜಾತಿಗೇ ಸೇರಿದ್ದು. ಈ ಜಾತಿಯ ಮಾತ್ರೆಗಳು ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣಗಳ ಕೆಲಸಕ್ಕೆ ಅಡ್ಡ ಬರುತ್ತವೆ, ಅದಕ್ಕೇ ಎಷ್ಟೋ ಸರ್ಜನ್‌ಗಳು ಮೊದಲ ವಾರಗಳಲ್ಲಿ ಬೇಡ ಅಂತಾರೆ. ಆಸ್ಪಿರಿನ್ ಅಂತೂ ಸರ್ಜರಿಗೆ ಮುಂಚೆಯೇ ನಿಲ್ಲಿಸಿರುತ್ತಾರೆ. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳೋರು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನ ಕೇಳಿ.

ಇನ್ನು ಸೆರ್ರಾಶಿಯೋಪೆಪ್ಟಿಡೇಸ್. ನಮ್ಮಲ್ಲಿ ಊತ ಅಂದ ತಕ್ಷಣ ಅದೇ. ಇದನ್ನ ಮೊದಲು ಮಾರುಕಟ್ಟೆಗೆ ತಂದ ಜಪಾನಿನಲ್ಲಿ, ಪರೀಕ್ಷೆಯಲ್ಲಿ ಔಷಧಿಯೇ ಇಲ್ಲದ ಸುಳ್ಳು ಗುಳಿಗೆಗಿಂತ ಹೆಚ್ಚು ಗುಣ ಕಾಣದೆ, 2011ರಲ್ಲಿ ಕಂಪನಿಯೇ ವಾಪಸ್ ತಗೊಂಡಿತು. ಇಲ್ಲಿ ಇನ್ನೂ ಮಾರಾಟ ಜೋರು. ಊತಕ್ಕೇ ಅಂತ ಕೊಡೋ ಇನ್ನೊಂದು, ಟ್ರಿಪ್ಸಿನ್-ಕೈಮೋಟ್ರಿಪ್ಸಿನ್ ಮಾತ್ರೆ, ನಿಮ್ಮ ಚೀಟಿಯಲ್ಲಿ ಇದ್ದರೆ ತಗೊಳ್ಳಿ, ಸರ್ಜನ್ ಯೋಚನೆ ಮಾಡೇ ಬರೆದಿರ್ತಾರೆ. ಚೀಟಿಯಲ್ಲಿ ಇಲ್ಲದ್ದನ್ನ ನನ್ನಂಥವನ ಕೈಯಿಂದ ಇಸ್ಕೊಬೇಡಿ.

ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತೆ. ಆದ್ರೆ ಸ್ಟ್ರಿಪ್ ಹಿಂದೆ ತಿರುಗಿಸಿ ಓದಿ: ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತೆ, ನೋವಿನ ಮಾತ್ರೆಯಲ್ಲೂ ಅದೇ ಇರುತ್ತೆ, ಎರಡೂ ಸೇರಿ ಯಕೃತ್ತಿಗೆ ಭಾರ. ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್, ಬೆಳ್ಳುಳ್ಳಿ ಕ್ಯಾಪ್ಸೂಲ್, ಜಿಂಕ್ಗೊ, ಅರಿಶಿನದ ಕರ್ಕ್ಯುಮಿನ್ ಕ್ಯಾಪ್ಸೂಲ್, ಇವೂ ರಕ್ತ ತೆಳು ಮಾಡೋ ಸಾಲಿನವೇ. ಸಾರಿಗೆ ಹಾಕೋ ಚಿಟಿಕೆ ಅರಿಶಿನಕ್ಕೆ, ಒಗ್ಗರಣೆ ಬೆಳ್ಳುಳ್ಳಿಗೆ ಹೆದರಬೇಡಿ, ಪ್ರಶ್ನೆ ಇರೋದು ಕ್ಯಾಪ್ಸೂಲಿನದ್ದು.

ಹಳೇಬೇರು

ದೇವರು ಕೊಟ್ಟ ಮೂಗು ಚೆನ್ನಾಗೇ ಇತ್ತಲ್ಲ ತಾಯಿ. ದುಡ್ಡು ಕೊಟ್ಟು ಮೂಗು ಮುರಿಸಿಕೊಂಡು ಈಗ ಊತ ಇಳಿಸಿ ಅಂದ್ರೆ ಹೇಗೆ? ನಮ್ಮ ಕಾಲದಲ್ಲಿ ಇಂಥ ಫಾರಿನ್ ಹುಚ್ಚು ಇರಲಿಲ್ಲ.

ಶಾಸನ_ಹುಡುಕ

ಫಾರಿನ್ ಹುಚ್ಚು ಅನ್ನೋದಕ್ಕೆ ಮುಂಚೆ ಸ್ವಲ್ಪ ನಿಲ್ಲಿ ಸ್ವಾಮಿ. ಮೂಗು ಕಟ್ಟೋ ವಿದ್ಯೆ ಸುಶ್ರುತನ ಹೆಸರಲ್ಲಿ ಇಲ್ಲಿಯದ್ದೇ. ಬ್ರಿಟಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೀತಿದ್ದ ಕೋವಾಸ್ಜಿ 1792ರ ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಆಮೇಲೆ ಪುಣೆ ಕಡೆಯ ಒಬ್ಬ ಕುಶಲಕರ್ಮಿ ಹಣೆಯ ಚರ್ಮ ತಿರುಗಿಸಿ ಅವನಿಗೆ ಹೊಸ ಮೂಗು ಕೂರಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಚಿತ್ರ ಸಮೇತ ಅಚ್ಚಾಗಿ, ಅಲ್ಲಿನ ಸರ್ಜನ್‌ಗಳು ನೋಡಿ ಕಲಿತರು. ಶ್ರೀರಂಗಪಟ್ಟಣಕ್ಕೆ ಹೋದಾಗ ಇದನ್ನೂ ನೆನೆಸಿಕೊಳ್ಳಿ.

ಹಾಸನದ_ಸಿಸ್ಟರ್

ಇತಿಹಾಸ ಇನ್ನೊಂದು ದಿನ ಆಗಲಿ. ಆ ಹುಡುಗಿ ಕಣ್ಣು ಮುಚ್ಚಿಕೊಂಡು ಕೂತಿದೆ. ಮಾಡಿಸಬೇಕಿತ್ತಾ ಬೇಡವಾ ಅನ್ನೋದು ಅವರ ಮನೆ ವಿಷಯ.

ಗೊಜ್ಜವಲಕ್ಕಿ, ಮರೆತೆ, ಮಲಬದ್ಧತೆ ನೋಡಿಕೊಳ್ಳಿ. ನೋವಿನ ಮಾತ್ರೆ ಕೆಲವು ಹೊಟ್ಟೆ ಕಟ್ಟುತ್ತವೆ. ಮುಕ್ಕರಿದ್ರೆ ಮುಖಕ್ಕೆ ರಕ್ತ ನುಗ್ಗುತ್ತೆ. ನೀರು, ಪಪ್ಪಾಯಿ, ಬೇಕಾದ್ರೆ ಇಸಬ್‌ಗೋಲ್. ಸೀನು ಬಂದ್ರೆ ಬಾಯಿ ಅಗಲ ತೆರೆದು ಸೀನಿ, ತಡೆ ಹಿಡೀಬೇಡಿ. ಮೂಗು ಸೀಟಬೇಡಿ, ಎಷ್ಟೇ ಕಟ್ಟಿದ್ರೂ. ಉಪ್ಪುನೀರಿನ ಸ್ಪ್ರೇ ಬರೆದು ಕೊಟ್ಟಿದ್ರೆ ಹೇಳಿದಷ್ಟು ಸಲ ಹಾಕಿ, ಒಳಗಿನ ಹಕ್ಕಳೆ ಕೈಯಲ್ಲಿ ಕೀಳಬೇಡಿ. ಬಿದ್ದ ಚಮಚ ಎತ್ತೋಕೂ ಬಗ್ಗಬೇಡಿ, ಮಂಡಿ ಮಡಚಿ ಕೂತು ಎತ್ತಿ. ಹಿರಿಯರು ನೋಡೋಕೆ ಬಂದ್ರೆ ಕಾಲಿಗೆ ಬೀಳೋದು ಈಗ ಬೇಡ, ಕೈ ಮುಗಿದ್ರೆ ಸಾಕು.

ತುಂಗೆಯ_ಯೋಗಿ

ನಾನು ಶಿವಮೊಗ್ಗದಲ್ಲಿ ಯೋಗ ಹೇಳಿಕೊಡ್ತೀನಿ. ಉಸಿರಾಟ ಸರಾಗ ಆಗಲಿ ಅಂತ ಕಪಾಲಭಾತಿ, ಜಲನೇತಿ (ಮೂಗಿಗೆ ಉಪ್ಪುನೀರು ಹಾಯಿಸೋದು) ಶುರು ಮಾಡಬಹುದಾ ಅಂತ ಒಬ್ಬ ವಿದ್ಯಾರ್ಥಿನಿ ಇದೇ ಸರ್ಜರಿ ಆದಮೇಲೆ ಕೇಳಿದ್ರು. ಬೇಡ ಅಂದೆ. ಸರಿಯಾಗಿ ಹೇಳಿದ್ನಾ?

ಇಎನ್‌ಟಿ_ನೈಟ್‌ಡ್ಯೂಟಿ

ಸರಿಯಾಗಿ ಹೇಳಿದ್ರಿ. ಕಪಾಲಭಾತಿ, ಭಸ್ತ್ರಿಕಾ ಎರಡೂ ಮೂಗು ಸೀಟೋದಕ್ಕೆ ಸಮ. ಶೀರ್ಷಾಸನ, ಸರ್ವಾಂಗಾಸನ, ಸೂರ್ಯನಮಸ್ಕಾರದಲ್ಲಿ ತಲೆ ಕೆಳಗಾಗೋ ಭಂಗಿ, ಜಿಮ್ಮಿನಲ್ಲಿ ಭಾರ ಎತ್ತೋದು, ಇವೆಲ್ಲ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ದೂರ. ನಸ್ಯ (ಮೂಗಿಗೆ ಔಷಧಿ ಎಣ್ಣೆ ಬಿಡೋದು), ಜಲನೇತಿ ಸರ್ಜನ್ ಒಪ್ಪೋವರೆಗೆ ಬೇಡವೇ ಬೇಡ. ಆದರೆ ಹಾಸಿಗೆಗೆ ಅಂಟಿಕೊಂಡು ಕೂರೋದೂ ತಪ್ಪು. ಮರುದಿನದಿಂದಲೇ ಮನೆಯೊಳಗೆ ಮೆಲ್ಲಗೆ ಓಡಾಡಬೇಕು, ನಿಂತಾಗ ನಡೆದಾಗ ಮುಖದ ನೀರು ಇಳಿಯುತ್ತೆ.

ಒಂದು ಮುಖ್ಯ ವಿಷಯ ಈ ಚರ್ಚೆಯಲ್ಲಿ ಬರಲಿಲ್ಲ. ಎಲ್ಲ ಊತವೂ ಕಾದು ನೋಡೋ ಊತ ಅಲ್ಲ. ಮೂಗಿನ ನಡುಗೋಡೆಯಲ್ಲಿ ರಕ್ತ ಗಡ್ಡೆ ಕಟ್ಟಬಹುದು, ಸೆಪ್ಟಲ್ ಹೆಮಟೋಮಾ ಅಂತೀವಿ. ಕಡಿಮೆ ಆಗ್ತಿದ್ದ ನೋವು ತಿರುಗಿ ಏರೋದು, ಮಿಡಿಯೋ ಹಾಗೆ ನೋವು, ಉಸಿರಾಡ್ತಿದ್ದ ಮೂಗು ಇದ್ದಕ್ಕಿದ್ದಂತೆ ಪೂರ್ತಿ ಕಟ್ಟೋದು, ಒಳಗೆ ಮೆತ್ತಗೆ ಉಬ್ಬಿದ ನೇರಳೆ ಗಡ್ಡೆ ಕಾಣೋದು ಇದರ ಲಕ್ಷಣ. ಬೇಗ ಹೊರಹಾಕದಿದ್ದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು ಮೂಗಿನ ಬೆನ್ನು ಕುಸಿಯುತ್ತೆ. ರಾತ್ರಿ ಎರಡು ಗಂಟೆ ಆಗಿದ್ರೂ ಆಸ್ಪತ್ರೆಗೆ ಹೋಗಿ. ಹಾಗೇ ಒಂದೇ ಬದಿ ಸರಸರ ಊದಿಕೊಂಡ್ರೆ, ಜ್ವರದ ಜೊತೆ ಕೆಂಪು ಬಿಸಿ ಊತ ಅಥವಾ ದುರ್ವಾಸನೆಯ ಕೀವು ಬಂದ್ರೆ, ತಲೆ ಎತ್ತಿ ಕೂತು 15-20 ನಿಮಿಷ ಆದ್ರೂ ರಕ್ತ ನಿಲ್ಲದಿದ್ರೆ, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿ ಬಾಯಿಗೆ ಉಪ್ಪುಪ್ಪಾಗಿ ಹತ್ತಿದ್ರೆ, ಇಲ್ಲಿ ಪೋಸ್ಟ್ ಹಾಕಿ ಉತ್ತರಕ್ಕೆ ಕಾಯಬೇಡಿ. ಫೋಟೋ ನೋಡಿ ಯಾರೂ ಇದನ್ನ ಹೇಳೋಕಾಗಲ್ಲ, ನಾನೂ ಹೇಳಲ್ಲ.

ಶಾರ್ಜಾ_ಬಿಸಿಲು

ನಾನು ರಜೆಗೆ ಊರಿಗೆ ಬಂದು ಮಾಡಿಸೋಣ ಅಂತಿದ್ದೀನಿ. ಸರ್ಜರಿ ಆಗಿ ನಾಲ್ಕನೇ ದಿನಕ್ಕೆ ವಾಪಸ್ ವಿಮಾನ ಹತ್ತಬಹುದಾ? ನನಗೆ ಕನ್ನಡಕ ಬೇರೆ ಇದೆ, ಮೈನಸ್ ಆರು.

ಧಾರವಾಡ_ಫೇಡೆ

ನಾಕನೇ ದಿನ? ರಜಾ ಜಾಸ್ತಿ ಹಾಕ್ರಿ ಅಣ್ಣಾ. ಊತ ಏರಿದ್ದು ಇನ್ನೂ ಇಳಿದಿರಂಗಿಲ್ಲ, ಹೊಲಿಗಿ ಬಿಚ್ಚಿರಂಗಿಲ್ಲ. ಮ್ಯಾಲೆ ಹೋದಾಗ ರಕ್ತ ಬಂದ್ರ ಯಾರಿಗೆ ಫೋನ್ ಮಾಡ್ತೀರಿ?

ಇಎನ್‌ಟಿ_ನೈಟ್‌ಡ್ಯೂಟಿ

ಹೌದು. ಸ್ಪ್ಲಿಂಟ್ ತೆಗೆಯೋದೇ ಸುಮಾರು ಏಳನೇ ದಿನ. ಅದಾಗಿ, ಸರ್ಜನ್ ಒಮ್ಮೆ ನೋಡಿ, ಹತ್ತು ಹದಿನಾಲ್ಕು ದಿನದ ಮೇಲೆ ಹೊರಡೋ ಹಾಗೆ ಟಿಕೆಟ್ ಮಾಡಿ. ವಿಮಾನದ ಒಣ ಗಾಳಿಗೆ ಮೂಗೊಳಗೆ ಹಕ್ಕಳೆ ಕಟ್ಟುತ್ತೆ, ಸಲೈನ್ ಸ್ಪ್ರೇ ಕೈಚೀಲದಲ್ಲಿರಲಿ. ಭಾರದ ಪೆಟ್ಟಿಗೆ ಮೇಲಿನ ಗೂಡಿಗೆ ನೀವು ಎತ್ತಬೇಡಿ, ಸಿಬ್ಬಂದಿಗೆ ಹೇಳಿ.

ಕನ್ನಡಕ: ಎಲುಬು ಕೊಯ್ದಿದ್ರೆ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಕೂರಬಾರದು. ತೆಳು ಕನ್ನಡಕವೂ ಆ ಹಂತದಲ್ಲಿ ಎಲುಬಿನ ಮೇಲೆ ಗುಳಿ ಬೀಳಿಸಬಹುದು, ಊತವೂ ಓರೆಯಾಗಿ ಇಳಿಯುತ್ತೆ. ಮೈನಸ್ ಆರು ಅಂದ್ರೆ ಕಾಂಟ್ಯಾಕ್ಟ್ ಲೆನ್ಸ್ ಹಾಕೋ ಅಭ್ಯಾಸ ಸರ್ಜರಿಗೆ ಮುಂಚೆಯೇ ಮಾಡಿಕೊಳ್ಳಿ, ಕಣ್ಣು ಊದಿರುವಾಗ ಹೊಸದಾಗಿ ಕಲಿಯೋಕಾಗಲ್ಲ. ಇಲ್ಲವಾದ್ರೆ ಕನ್ನಡಕದ ಸೇತುವೆಯನ್ನ ಟೇಪಿನಲ್ಲಿ ಹಣೆಗೆ ಕಟ್ಟಿ ನೇತುಹಾಕೋ ಉಪಾಯ ಇದೆ. ನೋಡೋಕೆ ವಿಚಿತ್ರ, ಕೆಲಸ ಮಾಡುತ್ತೆ.

ಮತ್ತೆ ಶಾರ್ಜಾ ಬಿಸಿಲು. ಮೊದಲ ತಿಂಗಳುಗಳಲ್ಲಿ ಬಿಸಿಲಿಗೆ, ಸೆಕೆಗೆ ಮೂಗು ಸಂಜೆ ಹೊತ್ತಿಗೆ ಊದೋದು ಇರುತ್ತೆ. ಊತದ ಜೊತೆ ಬಣ್ಣದ ಸಮಸ್ಯೆಯೂ ಇದೆ: ನಮ್ಮ ಮೈಬಣ್ಣದವರಿಗೆ ಪೆಟ್ಟಾದ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತೆ, ನೀಲಿ ಹೋದಮೇಲೂ ಕಣ್ಣಡಿ ಕಂದು ನೆರಳು ತಿಂಗಳುಗಟ್ಟಲೆ ನಿಲ್ಲಬಹುದು. ಅಗಲ ಅಂಚಿನ ಟೋಪಿ, ಗಾಯ ಮಾಗಿದ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಸಿಗರೇಟು ಸೇದ್ತಿದ್ರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಟ್ಟು ಬನ್ನಿ, ನಿಕೋಟಿನ್ ಚರ್ಮಕ್ಕೆ ಹೋಗೋ ರಕ್ತವನ್ನೇ ಕುಗ್ಗಿಸುತ್ತೆ.

ಗೊಜ್ಜವಲಕ್ಕಿ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮ ಸಿಸ್ಟರ್ ಬರೆದಿದ್ದನ್ನ ಓದಿ ಸುಣ್ಣದ ಡಬ್ಬಿ ಒಳಗಿಟ್ರು. ನೀಲಿ ಈಗ ಹಳದಿಗೆ ತಿರುಗಿದೆ, ಕಣ್ಣು ಪೂರ್ತಿ ತೆರೀತೀನಿ.

ಆದ್ರೆ ನಿನ್ನೆ ಸ್ಪ್ಲಿಂಟ್ ತೆಗೆದರು. ತೆಗೆದ ತಕ್ಷಣ ನೋಡಿದ ಮೂಗು ಇಷ್ಟ ಆಯ್ತು. ಇವತ್ತು ಬೆಳಿಗ್ಗೆ ಅಗಲವಾಗಿದೆ! ತುದಿ ಹಂದಿ ಮೂತಿಯ ಹಾಗೆ ಮೇಲೆ ನೋಡ್ತಿದೆ, ನಕ್ಕರೆ ಮೇಲ್ತುಟಿ ಬಿಗಿದುಕೊಂಡು ನಾನು ನಾನಲ್ಲ ಅನ್ನಿಸುತ್ತೆ. ರಾತ್ರಿ ಅತ್ತುಬಿಟ್ಟೆ. ಯೂಟ್ಯೂಬಲ್ಲಿ ಮೂಗು ಮಸಾಜ್ ಮಾಡಿದ್ರೆ ಇಳಿಯುತ್ತೆ ಅಂತ ತೋರಿಸ್ತಾರೆ, ಮಾಡ್ಲಾ?

ಹಾಸನದ_ಸಿಸ್ಟರ್

ಅಳಬೇಡಿ ಮಗಳೇ, ಸೀಟೋ ಹಾಗಿಲ್ಲ ಅಂತ ಮೊದಲೇ ಹೇಳಿದ್ದೀನಿ.

ಸ್ಪ್ಲಿಂಟ್ ಒತ್ತಿ ಹಿಡಿದಿತ್ತು. ತೆಗೆದಾಗ ಒಂದೆರಡು ದಿನ ಮತ್ತೆ ಉಬ್ಬೋದು ಸಹಜ. ಬೆಳಿಗ್ಗೆ ಹೆಚ್ಚು, ಓಡಾಡಿ ಸಂಜೆ ಆಗೋ ಹೊತ್ತಿಗೆ ಕಡಿಮೆ. ಫೋಟೋ ತೆಗೀಬೇಕು ಅಂದ್ರೆ ವಾರಕ್ಕೊಂದು, ಒಂದೇ ಕಿಟಕಿ ಬೆಳಕಲ್ಲಿ, ಒಂದೇ ಹೊತ್ತಲ್ಲಿ ತೆಗೀರಿ. ಸೆಲ್ಫಿ ಬೇಡ, ಹತ್ತಿರದ ಕ್ಯಾಮೆರಾ ಯಾರ ಮೂಗನ್ನೂ ದಪ್ಪ ತೋರಿಸುತ್ತೆ.

ಇಎನ್‌ಟಿ_ನೈಟ್‌ಡ್ಯೂಟಿ

ಮಸಾಜ್ ನಿಮ್ಮಷ್ಟಕ್ಕೆ ನೀವು ಮಾಡಬೇಡಿ. ಕೊಯ್ದ ಎಲುಬು ಒಂದು ವಾರಕ್ಕೆ ಕೂಡಿರಲ್ಲ, ಒತ್ತಿದರೆ ಜರುಗುತ್ತೆ. ಕೆಲವು ಸರ್ಜನ್‌ಗಳು ಕೆಲವು ರೋಗಿಗಳಿಗೆ ನಿರ್ದಿಷ್ಟ ಜಾಗದಲ್ಲಿ ಒತ್ತೋಕೆ ತಾವೇ ಕಲಿಸುತ್ತಾರೆ, ಅದು ಬೇರೆ ಮಾತು.

ಊತದ ನಿಜವಾದ ಕ್ಯಾಲೆಂಡರ್ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಎದುರಿಗಿರೋರ ಕಣ್ಣಿಗೆ ಬೀಳೋ ಊತ ಎರಡು ಮೂರು ವಾರದಲ್ಲಿ ಇಳಿಯುತ್ತೆ. ಮೂಗಿನ ಬೆನ್ನಿನ ಭಾಗ ಮೊದಲ ಕೆಲವು ತಿಂಗಳಲ್ಲಿ ರೂಪಕ್ಕೆ ಬರುತ್ತೆ. ತುದಿ ಎಲ್ಲಕ್ಕಿಂತ ಕೊನೆಗೆ, ಒಂದು ವರ್ಷ, ದಪ್ಪ ಚರ್ಮದವರಿಗೆ ಅದಕ್ಕೂ ಹೆಚ್ಚು. ಓಪನ್ ವಿಧಾನದಲ್ಲಿ ತುದಿಯ ಚರ್ಮವನ್ನೇ ಎತ್ತಿ ಕೆಲಸ ಮಾಡೋದ್ರಿಂದ ಊತದ ನೀರು ಹರಿದುಹೋಗೋ ದುಗ್ಧನಾಳಗಳು ಕಡಿದಿರುತ್ತವೆ, ಹೊಸ ದಾರಿ ಆಗೋವರೆಗೆ ನೀರು ಅಲ್ಲೇ ನಿಲ್ಲುತ್ತೆ. ನಮ್ಮ ಕಡೆಯ ಬಹಳ ಜನಕ್ಕೆ ತುದಿಯ ಚರ್ಮ ದಪ್ಪ, ಎಣ್ಣೆ ಗ್ರಂಥಿ ಹೆಚ್ಚು. ಪಂಚೆ ಹೊದ್ದು ಮಲಗಿದವನ ಮೊಣಕಾಲು ಕಾಣುತ್ತೆ, ಕಂಬಳಿ ಹೊದ್ದವನದು ಕಾಣಲ್ಲ. ಒಳಗೆ ಕೆತ್ತಿದ್ದು ದಪ್ಪ ಚರ್ಮದ ಮೇಲೆ ಮೂಡೋಕೆ ಅದಕ್ಕೇ ಸಮಯ ಬೇಕು. ಕೊರಿಯನ್, ಅಮೆರಿಕನ್ ರೀಲ್ಸ್‌ಗಳ ಮೂರನೇ ವಾರದ ಮೂಗಿನ ಜೊತೆ ನಿಮ್ಮದನ್ನ ಹೋಲಿಸಬೇಡಿ.

ಮೂತಿ ಮೇಲೆ ಎದ್ದಂತಿರೋದು, ತುಟಿ ಬಿಗಿಯಾಗಿರೋದು ವಾರಗಳಲ್ಲಿ ಸಡಿಲ ಆಗುತ್ತೆ. ದಪ್ಪ ಚರ್ಮ ಇದ್ದರೆ ಸರ್ಜನ್ ಹತ್ರ ರಾತ್ರಿ ಟೇಪಿಂಗ್ ಬಗ್ಗೆ ಕೇಳಿ. ಮೈಕ್ರೋಪೋರ್ ಟೇಪನ್ನ ತುದಿಯ ಮೇಲ್ಭಾಗಕ್ಕೆ ಅಡ್ಡ ಅಂಟಿಸಿ ಹಗುರ ಒತ್ತಡ ಕೊಡೋದು ಕೆಲವರಿಗೆ ಉಪಯೋಗ. ಬಿಗಿಯಾಗಿ ಕಟ್ಟಿದರೆ ಚರ್ಮಕ್ಕೇ ಕುತ್ತು, ಹಾಗಾಗಿ ಒಮ್ಮೆ ಅವರ ಎದುರೇ ಮಾಡಿ ತೋರಿಸಿಕೊಳ್ಳಿ. ತಿಂಗಳುಗಳಾದ್ರೂ ತುದಿಯ ಮೇಲಿನ ಉಬ್ಬು ಇಳಿಯದಿದ್ದರೆ ಟ್ರಯಾಮ್ಸಿನೋಲೋನ್ ಅನ್ನೋ ಸ್ಟಿರಾಯ್ಡ್ ಇಂಜೆಕ್ಷನ್ ಇದೆ. ಬೇಗ ಕೊಡಿ ಅಂತ ಪೀಡಿಸಬೇಡಿ. ಹೆಚ್ಚಾದ್ರೆ ಚರ್ಮ ತೆಳುವಾಗಿ ಗುಳಿ ಬೀಳುತ್ತೆ.

ಕುಡ್ಲದ_ಮೀನ್‌ಗಸಿ

ಇದು ಮಾತ್ರ ಸತ್ಯ. ನಮ್ಮ ಮಂಗಳೂರಿನ ಸೆಕೆಗೆ ನನ್ನ ಮೂಗಿನ ತುದಿ ಏಪ್ರಿಲ್ ಪೂರ್ತಿ ದಪ್ಪ ಇತ್ತು, ಮಳೆ ಹಿಡಿದ ಮೇಲೆಯೇ ಸಮಾಧಾನ. ಅರ್ನಿಕಾ ವಿಷಯದಲ್ಲಿ ನಾನು ಒಪ್ಪುವುದಿಲ್ಲ ಡಾಕ್ಟ್ರೇ, ಅದು ಬಿಡಿ.

ಮದುಮಗಳ_ಬ್ರಷ್

ಮದುವೆ ಅಂದ್ರಲ್ಲ, ಅದಕ್ಕೆ ಬಂದೆ. ಮೇಕಪ್ ನನ್ನ ಕಸುಬು. ಐದು ವಾರಕ್ಕೆ ನೀಲಿ ಹಳದಿ ಎಲ್ಲ ಹೋಗಿರುತ್ತೆ, ಉಳಿದ್ರೆ ಕಣ್ಣಡಿ ತೆಳು ಕಂದು ಅಷ್ಟೆ. ಮುಚ್ಚೋಕೆ ದಪ್ಪ ಫೌಂಡೇಶನ್ ಬೇಡ, ಬಣ್ಣಕ್ಕೆ ಎದುರು ಬಣ್ಣ ಹಾಕಬೇಕು: ನೀಲಿ ಉಳಿದಿದ್ರೆ ಕಿತ್ತಳೆ ಅಥವಾ ಪೀಚ್ ಕರೆಕ್ಟರ್, ನೇರಳೆಗೆ ಹಳದಿ, ಕೆಂಪಿಗೆ ಹಸಿರು, ಅದರ ಮೇಲೆ ನಿಮ್ಮ ಚರ್ಮದ ಬಣ್ಣದ ಕನ್ಸೀಲರ್, ತೆಳುವಾಗಿ.

ಮೇಕಪ್ ಹಾಕೋರಿಗೆ ಸರ್ಜರಿ ಆಗಿದೆ ಅಂತ ಮೊದಲೇ ಹೇಳಿಬಿಡಿ. ನಾಚಿಕೆಗೆ ಮುಚ್ಚಿಡೋರಿಂದಲೇ ತೊಂದರೆ. ನಾವು ಮೂಗಿನ ಬೆನ್ನಿಗೆ ಸ್ಪಾಂಜ್ ಒತ್ತಿ ಒತ್ತಿ ಕಾಂಟೂರ್ ಮಾಡ್ತೀವಿ, ಅಭ್ಯಾಸ. ಗೊತ್ತಿದ್ರೆ ಮೆತ್ತನೆ ಬ್ರಷ್‌ನಲ್ಲಿ ತೇಲಿಸ್ತೀವಿ. ರಾತ್ರಿ ತೆಗೆಯೋವಾಗಲೂ ಉಜ್ಜಬೇಡಿ, ಹತ್ತಿಗೆ ಮೈಸೆಲರ್ ನೀರು ಹಾಕಿ ಇಟ್ಟು ನೆನೆಸಿ ತೆಗೀರಿ. ಮದುವೆ ಹಿಂದಿನ ದಿನದ ಎಣ್ಣೆ ಸ್ನಾನದಲ್ಲಿ ಬಿಸಿ ನೀರು ಮುಖಕ್ಕೆ ಸುರಿಸಿಕೊಳ್ಳೋದು, ತಲೆ ಬಗ್ಗಿಸಿ ಕೂರೋದು ಬೇಡ. ಹಿಂದಕ್ಕೆ ಒರಗಿ ತಲೆ ತೊಳೆಸಿಕೊಳ್ಳಿ, ಪಾರ್ಲರ್ ಬೇಸಿನ್ ಹಾಗೆ. ಹಿಂದಿನ ರಾತ್ರಿ ಊಟದಲ್ಲಿ ಉಪ್ಪು ಕಡಿಮೆ. ಬೆಳಿಗ್ಗೆ ಮುಹೂರ್ತ ಇದ್ದರೆ ಎರಡು ಗಂಟೆ ಮೊದಲೇ ಎದ್ದು ಓಡಾಡಿ, ಮುಖ ಇಳಿದಿರುತ್ತೆ.

ಗೊಜ್ಜವಲಕ್ಕಿ

ಅಮ್ಮನ ಪ್ರಶ್ನೆ ಒಂದೇ ಉಳಿದಿದೆ, ನತ್ತು ಹಾಕಬಹುದಾ ಅಂತ. ಎಡಗಡೆ ಚುಚ್ಚಿಸಿದ್ದೆ, ಸರ್ಜರಿಗೆ ಮುಂಚೆ ಮೂಗುಬೊಟ್ಟು ತೆಗೆಸಿದ್ರು. ತೂತು ಮುಚ್ಚಿಹೋಗುತ್ತೆ ಅಂತ ಅವರಿಗೆ ಚಿಂತೆ.

ಇಎನ್‌ಟಿ_ನೈಟ್‌ಡ್ಯೂಟಿ

ಐದನೇ ವಾರಕ್ಕೆ ನನ್ನ ಉತ್ತರ ಬೇಡ ಅಂತಲೇ. ಒಳಗಿನ ಗಾಯಕ್ಕೆ ಸೋಂಕು ಹತ್ತಿಸೋಕೆ ಲೋಹದ ಕಡ್ಡಿ ಒಂದು ಸಾಕು, ಹಾಕೋವಾಗ ಹೊಳ್ಳೆ ಹಿಡಿದು ಎಳೀತೀರಿ ಕೂಡ. ತೂತು ಮುಚ್ಚಿದರೆ ಮುಂದೆ ಮತ್ತೆ ಚುಚ್ಚಿಸಬಹುದು, ಯಾವಾಗ ಅನ್ನೋದನ್ನ ನಿಮ್ಮ ಸರ್ಜನ್ ಹೇಳಲಿ. ಕೆಲವರಿಗೆ ತಿಂಗಳುಗಳೇ ಬೇಕಾಗುತ್ತೆ.

ಮದುಮಗಳ_ಬ್ರಷ್

ಚುಚ್ಚದೆ ಅಂಟಿಸೋ ಹರಳು ಬರುತ್ತೆ, ಹಿಂದೆ ಕಡ್ಡಿ ಇರಲ್ಲ. ಬಿಂದಿ ಅಂಟಲ್ಲೇ ನಿಲ್ಲುತ್ತೆ. ಪ್ರೆಸ್ ಮಾಡೋ ಕ್ಲಿಪ್ ನತ್ತು ಮಾತ್ರ ಬೇಡ, ಅದು ಹೊಳ್ಳೆ ಹಿಂಡುತ್ತೆ. ಅಂಟಿನ ಹರಳನ್ನೂ ಸರ್ಜನ್‌ಗೆ ತೋರಿಸಿ, ಮೊದಲು ಮುಂಗೈ ಮೇಲೆ ಒಂದು ದಿನ ಅಂಟಿಸಿ ಅಲರ್ಜಿ ಆಗುತ್ತಾ ನೋಡಿ.

ಜಾಲಿ_ಹೆಲ್ಮೆಟ್

ಈ ಚರ್ಚೆ ಓದಿ ನನ್ನದೂ ಒಂದು. ನನಗೆ ಮುಂದಿನ ತಿಂಗಳು ಸರ್ಜರಿ. ಆಫೀಸಿಗೆ ದಿನಾ ಸ್ಕೂಟರ್, ಫುಲ್ ಫೇಸ್ ಹೆಲ್ಮೆಟ್. ಎಷ್ಟು ದಿನಕ್ಕೆ ಹಾಕಬಹುದು?

ಹಾಸನದ_ಸಿಸ್ಟರ್

ಫುಲ್ ಫೇಸ್ ಹೆಲ್ಮೆಟ್ ತಲೆಗೆ ಇಳಿಸೋವಾಗ ಮೂಗಿಗೆ ತಾಗಿಯೇ ತಾಗುತ್ತೆ, ಕನ್ನಡಿ ಮುಂದೆ ಒಮ್ಮೆ ಹಾಕಿ ನೋಡಿ ಗೊತ್ತಾಗುತ್ತೆ. ಹೆಲ್ಮೆಟ್ ಇಲ್ಲದೆ ಓಡಿಸೋದಂತೂ ಕೇಳಲೇಬೇಡಿ. ಆರು ವಾರ ಸ್ಕೂಟರ್ ಮನೇಲಿರಲಿ, ಬಸ್ಸಿನಲ್ಲಿ ಕೂತು ಹೋಗಿ, ನಿಂತು ಹೋದರೆ ಯಾರದಾದ್ರೂ ಮೊಣಕೈ ಬೀಳುತ್ತೆ. ಆಮೇಲೂ ಸರ್ಜನ್ ಮುಟ್ಟಿ ನೋಡಿ ಹೂಂ ಅಂದಮೇಲೇ. ರಜೆ ಅರ್ಜಿ ಹಾಕುವಾಗ ಒಂದು ವಾರ ಅಂತ ಬರೀಬೇಡಿ, ಎರಡು ಅಂತ ಬರೀರಿ.